ಪುಟಕ್ಕೊಬ್ಬರು: ಈ ಸಲದ ಅಪ್‌ಡೇಟ್, ಮೂರು ಮುಗೀತು ಒಂದು ಅರ್ಧ ಆಗಿದೆ

ಹೊಸದಾಗಿ ಓದ್ತಿರೋರಿಗೆ ಮೊದ್ಲು ಹೇಳ್ಬಿಡ್ತೀನಿ, ಇದು ತೀರಿಹೋದ ಸಾಧಕರ ಕಿರು ಜೀವನಚರಿತ್ರೆ ಬರೆಯೋ ಪ್ರಾಜೆಕ್ಟು, ಯಾವ ಕಾಲದವರಾದ್ರೂ ಆಗ್ಬಹುದು ಯಾವ ಫೀಲ್ಡಿನವರಾದ್ರೂ ಆಗ್ಬಹುದು, ಒಬ್ಬರಿಗೆ ಒಂದೇ ಪುಟ, ಹೈಸ್ಕೂಲ್ ಮಕ್ಕಳು ಒಂದೇ ಸಲಕ್ಕೆ ಕೂತು ಓದಿ ಮುಗಿಸೋ ಹಾಗಿರಬೇಕು. ಈ ಸಲ ಕಮಲಾ ಸೊಹೊನಿ, ಅತ್ತಿಮಬ್ಬೆ, ಮೇರಿ ಆನಿಂಗ್ ಮುಗಿದ್ರು. ಶಾಮಾಶಾಸ್ತ್ರಿಗಳದ್ದು ಅರ್ಧ ಆಗಿದೆ.

ಜಾಸ್ತಿ ಟೈಮ್ ತಗೊಂಡಿದ್ದು ಸೊಹೊನಿಯವರ ಪುಟ. ಅವರ ಬಗ್ಗೆ ಎಲ್ಲೇ ಹುಡುಕಿ, ಸಿಗೋದು ಒಂದೇ ಕಥೆ. 1933ರಲ್ಲಿ ಬಾಂಬೆಯಿಂದ ಬಿ.ಎಸ್ಸಿ. ಮುಗಿಸಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ (ಈಗಿನ ಐಐಎಸ್‌ಸಿ) ಅರ್ಜಿ ಹಾಕಿದ್ರು, ಡೈರೆಕ್ಟರ್ ಆಗಿದ್ದ ಸಿ.ವಿ. ರಾಮನ್ ಹೆಣ್ಣು ಅನ್ನೋ ಕಾರಣಕ್ಕೆ ಆಗಲ್ಲ ಅಂದ್ರು, ಇವರು ಬಿಡಲಿಲ್ಲ, ಕೊನೆಗೆ ಷರತ್ತು ಹಾಕಿ ಸೇರಿಸ್ಕೊಂಡ್ರು, ಮೊದಲ ವರ್ಷ ರೆಗ್ಯುಲರ್ ಸ್ಟೂಡೆಂಟ್ ಅಂತ ಲೆಕ್ಕ ಇಲ್ಲ, ಗೈಡ್ ಹೇಳಿದ್ರೆ ರಾತ್ರಿ ಎಷ್ಟು ಹೊತ್ತಾದ್ರೂ ಕೆಲಸ ಮಾಡ್ಬೇಕು, ಲ್ಯಾಬಿನ ವಾತಾವರಣ ಕೆಡಿಸಬಾರದು ಅಂತೆಲ್ಲಾ. ಇದು ನಡೆದಿದ್ದು ನಿಜ, ಓದಿದಾಗ ಹೊಟ್ಟೆ ಉರಿಯುತ್ತೆ, ಬರೀಲೇಬೇಕು. ಆದ್ರೆ ಬಹಳಷ್ಟು ಬರಹಗಳು ಅಲ್ಲಿಗೇ ನಿಂತುಬಿಡ್ತವೆ, ಕೇಂಬ್ರಿಡ್ಜಿಗೆ ಹೋದ್ರು, ಪಿಎಚ್.ಡಿ. ತಗೊಂಡ್ರು, ಭಾರತದ ಮೊದಲ ಮಹಿಳಾ ವಿಜ್ಞಾನಿಗಳಲ್ಲಿ ಒಬ್ಬರು, ಮುಗೀತು. ಆಯಮ್ಮ ಕಂಡುಹಿಡಿದಿದ್ದಾದ್ರೂ ಏನು? ಅದನ್ನ ಯಾರೂ ಬಿಡಿಸಿ ಹೇಳಲ್ಲ. ಇದು ನಂಗೆ ತುಂಬಾ ಬೇಜಾರು ತರಿಸಿದ ವಿಷಯ, ಒಬ್ಬರಿಗೆ ಆದ ಅನ್ಯಾಯವನ್ನ ನೆನಪಿಟ್ಕೊಂಡು ಅವರ ಕೆಲಸವನ್ನೇ ಮರೆತರೆ ಅದು ಇನ್ನೊಂದು ಅನ್ಯಾಯ ಆಗಲ್ವಾ.

ಹಾಗಾಗಿ ಈಗ ಒಂದು ನಿಯಮ ಮಾಡ್ಕೊಂಡಿದೀನಿ, ಯಾರ ಪುಟ ಆದ್ರೂ ಅರ್ಧ ಜಾಗ ಅವರ ಕೆಲಸಕ್ಕೆ ಮೀಸಲು, ಹುಟ್ಟು ಮದುವೆ ಕಷ್ಟ ಪ್ರಶಸ್ತಿ ಎಲ್ಲಾ ಸೇರಿ ಉಳಿದ ಅರ್ಧದಲ್ಲಿ.

ಸೊಹೊನಿ ಪುಟದಲ್ಲಿ ಈಗ ಆಲೂಗಡ್ಡೆ ನಡುಮಧ್ಯ ಬಂದು ಕೂತಿದೆ. ಬೆಂಗಳೂರಲ್ಲಿ ಶ್ರೀನಿವಾಸಯ್ಯ ಅನ್ನೋ ಗುರುಗಳ ಕೈಕೆಳಗೆ ಹಾಲು, ಬೇಳೆಕಾಳಿನ ಪ್ರೋಟೀನ್ ಮೇಲೆ ಕೆಲಸ ಮಾಡಿ ಕೇಂಬ್ರಿಡ್ಜಿಗೆ ಹೋದವರು ಅಲ್ಲಿ ಆಲೂಗಡ್ಡೆಯನ್ನ ಹಿಡ್ಕೊಂಡು ಕೂತ್ರು. ಜೀವಕೋಶ ಉಸಿರಾಡ್ಬೇಕಂದ್ರೆ ಎಲೆಕ್ಟ್ರಾನುಗಳನ್ನ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸೋ ಪ್ರೋಟೀನ್ ಬೇಕು, ಸೈಟೋಕ್ರೋಮ್ ಸಿ ಅಂತ, ಅದು ಸಸ್ಯಗಳ ಜೀವಕೋಶದಲ್ಲೂ ಇದೆ, ಗಿಡದ ಉಸಿರಾಟದಲ್ಲೂ ಅದರ ಪಾತ್ರ ಇದೆ ಅಂತ ತೋರಿಸಿದ್ರು. 1939ರಲ್ಲಿ ಪಿಎಚ್.ಡಿ. ಸಿಕ್ತು, ಥೀಸಿಸ್ ಬರೀ 40 ಪುಟದ್ದು ಅಂತಾರೆ. ವಾಪಸ್ ಬಂದ್ಮೇಲೆ ದೆಹಲಿ, ಕೂನೂರು, ಆಮೇಲೆ ಬಾಂಬೆ. ಬಾಂಬೆಯಲ್ಲಿ ನೀರಾ (ತಾಳೆ ಜಾತಿಯ ಮರದಿಂದ ಇಳಿಸೋ ಹುಳಿಯದ ಸಿಹಿ ರಸ) ಮೇಲೆ ಮಾಡಿದ ಕೆಲಸ ನಂಗೆ ಎಲ್ಲಕ್ಕಿಂತ ಇಷ್ಟ. ಬಡವರ ಕೈಗೆ ಅಗ್ಗಕ್ಕೆ ಸಿಗೋ ಒಂದು ಪಾನೀಯದಲ್ಲಿ ವಿಟಮಿನ್ನು, ಕಬ್ಬಿಣದ ಅಂಶ ಎಷ್ಟಿದೆ, ಅಪೌಷ್ಟಿಕತೆ ಇರೋ ಮಕ್ಕಳಿಗೂ ಬಸುರಿ ಹೆಂಗಸರಿಗೂ ಕೊಟ್ರೆ ಮೈಗೆ ಹತ್ತುತ್ತಾ ಅನ್ನೋದನ್ನ ಲ್ಯಾಬಲ್ಲಿ ಕೂತು ನೋಡಿದ್ರು, ಅದಕ್ಕೆ ರಾಷ್ಟ್ರಪತಿ ಪ್ರಶಸ್ತಿನೂ ಬಂತು. ವಯಸ್ಸಾದ ಮೇಲೆ ಗ್ರಾಹಕರ ಸಂಘದಲ್ಲಿ ದುಡಿದ್ರು. 1998ರಲ್ಲಿ ತೀರಿಕೊಂಡ್ರು.

ಅತ್ತಿಮಬ್ಬೆ ವಿಷಯದಲ್ಲೂ ಇದೇ ನಿಯಮ ಕೈ ಹಿಡೀತು. ದಾನಚಿಂತಾಮಣಿ ಅಂತ ಬಿರುದು ಎಲ್ರಿಗೂ ಗೊತ್ತು, ಹೆಂಗಸರಿಗೆ ಕೊಡೋ ಪ್ರಶಸ್ತಿಗೂ ಅವರ ಹೆಸರಿದೆ. ಗಂಡ ನಾಗದೇವ ಯುದ್ಧದಲ್ಲಿ ಸತ್ತಾಗ, ಅವನನ್ನೇ ಮದುವೆಯಾಗಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು, ಈಕೆ ಮಗನಿಗೋಸ್ಕರ ಉಳಿದಳು, ಇದನ್ನ ರನ್ನನ ಅಜಿತಪುರಾಣದಲ್ಲಿ ಓದಬಹುದು, 993ರ ಕಾವ್ಯ ಅದು, ಬರೆಸಿದವಳು ಇವಳೇ. ಆದ್ರೆ ನಾನು ಪುಟ ಶುರು ಮಾಡಿರೋದು ಸಾವಿರ ಪ್ರತಿಯಿಂದ. ಪೊನ್ನ ಶಾಂತಿಪುರಾಣ ಬರೆದಿದ್ದು ಅತ್ತಿಮಬ್ಬೆಯ ಅಪ್ಪ ಮಲ್ಲಪ ಮತ್ತು ಚಿಕ್ಕಪ್ಪ ಪುನ್ನಮಯ್ಯ ಬರೆಸಿದ್ದಕ್ಕೆ, ಅಂದ್ರೆ ಅದು ಮನೆಯ ಕಾವ್ಯ. ಅದು ಕಳೆದುಹೋಗಬಾರದು ಅಂತ ಮಗಳು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಪ್ರೆಸ್ ಇಲ್ಲದ ಕಾಲ. ಒಂದೊಂದು ಓಲೆಗರಿನೂ ಹದ ಮಾಡಿ, ಕಬ್ಬಿಣದ ಚೂಪು ಕಡ್ಡಿಯಲ್ಲಿ ಅಕ್ಷರ ಕೊರೆದು, ಮಸಿ ಸವರಿ ಒರೆಸಿ, ತೂತಿಗೆ ದಾರ ಪೋಣಿಸಿ ಕಟ್ಟಬೇಕು, ಅದೂ ಪೂರ್ತಿ ಒಂದು ಚಂಪೂ ಕಾವ್ಯ, ಅಂಥದ್ದು ಸಾವಿರ ಕಟ್ಟು. ಎಷ್ಟು ಲಿಪಿಕಾರರು ಕೂತಿರಬೇಕು, ಅವರ ಊಟ ತಿಂಡಿ ಸಂಬಳ ನೋಡ್ಕೊಂಡಿದ್ದು ಯಾರು, ಯೋಚನೆ ಮಾಡಿದ್ರೆ ಇದೊಂದು ಪ್ರಕಾಶನ ಸಂಸ್ಥೆನೇ ಅನ್ಸುತ್ತೆ. ಲಕ್ಕುಂಡಿಯ ಬ್ರಹ್ಮ ಜಿನಾಲಯದ ಬಗ್ಗೆ ಎರಡೇ ಸಾಲು ಬರೆದೆ, ಅದನ್ನ ಹೋಗಿ ನೋಡಬಹುದು, ಈಗಲೂ ನಿಂತಿದೆ.

ಮೇರಿ ಆನಿಂಗ್ (1799–1847) ಇಂಗ್ಲೆಂಡಿನ ಲೈಮ್ ರೀಜಿಸ್ ಊರಿನ ಬಡ ಬಡಗಿಯ ಮಗಳು. ಚಳಿಗಾಲದ ಮಳೆಗೆ ಸಮುದ್ರದಂಚಿನ ಗುಡ್ಡ ಕುಸಿದಾಗ ಪಳೆಯುಳಿಕೆ ಹೊರಗೆ ಕಾಣ್ತವೆ, ಅಲೆ ಬಂದು ಕೊಚ್ಕೊಂಡು ಹೋಗೋದ್ರೊಳಗೆ ತೆಗೀಬೇಕು, ಅಪಾಯದ ಕೆಲಸ, 1833ರಲ್ಲಿ ಅವರ ನಾಯಿ ಟ್ರೇ ಕಣ್ಮುಂದೆಯೇ ಗುಡ್ಡ ಕುಸಿದು ಸತ್ತುಹೋಯ್ತು. ಅಣ್ಣನ ಕಣ್ಣಿಗೆ ತಲೆಬುರುಡೆ ಬಿದ್ದಿದ್ದ ಇಕ್ತಿಯೋಸಾರ್ ಅನ್ನೋ ಪ್ರಾಚೀನ ಕಡಲ ಸರೀಸೃಪದ ಉಳಿದ ಭಾಗ ಹುಡುಕಿದಾಗ ಮೇರಿ ಇನ್ನೂ ಚಿಕ್ಕ ಹುಡುಗಿ. 1823ರಲ್ಲಿ ಪ್ಲೀಸಿಯೋಸಾರ್ ಅನ್ನೋ ಇನ್ನೊಂದು ಕಡಲ ಸರೀಸೃಪ ಪೂರ್ತಿಯಾಗಿ ಸಿಕ್ತು, ಅದರ ಕತ್ತು ಎಷ್ಟುದ್ದ ಅಂದ್ರೆ ಪ್ಯಾರಿಸ್ಸಿನ ದೊಡ್ಡ ಪ್ರಾಣಿವಿಜ್ಞಾನಿ ಕುವಿಯೇ ಮೊದಲು ನಂಬಲಿಲ್ಲ, ಆಮೇಲೆ ಒಪ್ಕೊಂಡ. ನನ್ನ ಪುಟದಲ್ಲಿ ಇದಕ್ಕಿಂತ ಜಾಸ್ತಿ ಜಾಗ ಇನ್ನೊಂದಕ್ಕೆ ಕೊಟ್ಟಿದೀನಿ: ಪ್ರಾಣಿಗಳ ಹೊಟ್ಟೆಯ ಜಾಗದಲ್ಲೇ ಸಿಗ್ತಿದ್ದ ವಿಚಿತ್ರ ಕಲ್ಲುಗಳನ್ನ ಒಡೆದು ನೋಡಿ, ಒಳಗೆ ಮೀನಿನ ಮೂಳೆ, ಹುರುಪೆ ಇದೆ ಅಂತ ಗಮನಿಸಿದ್ದು. ಅದು ಕಲ್ಲಾಗಿ ಹೋದ ಸಗಣಿ. ಬರೀ ಕಲ್ಲು ಮಾರೋ ಹುಡುಗಿ ಅಂತ ಬರೆಯೋರು ಇದನ್ನ ಓದ್ಬೇಕು. ಲಂಡನ್ನಿನ ಜಿಯೊಲಾಜಿಕಲ್ ಸೊಸೈಟಿ ಹೆಂಗಸರನ್ನ ಸದಸ್ಯರಾಗಿ ಸೇರಿಸ್ಕೊಂಡಿದ್ದು ಅವರು ಹೋಗಿ ಎಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, 1919ರಲ್ಲಿ.

ಶಾಮಾಶಾಸ್ತ್ರಿಗಳದ್ದು (1868–1944) ನಿಧಾನ ಆಗ್ತಿರೋದಕ್ಕೆ ಕಾರಣ ಅವರ ಕೆಲಸ ಕಣ್ಣಿಗೆ ಕಾಣೋ ಥರದ್ದಲ್ಲ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಶಾಸ್ತ್ರಿಗಳು ಕೆಲಸದಲ್ಲಿದ್ದ ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಂದು ಗ್ರಂಥಲಿಪಿಯ (ತಮಿಳುನಾಡು ಕಡೆ ಸಂಸ್ಕೃತ ಬರೆಯೋಕೆ ಬಳಸ್ತಿದ್ದ ಲಿಪಿ) ಓಲೆಗರಿ ಕಟ್ಟು ಕೊಟ್ಟು ಹೋದ್ರು, ಅದು ಕೌಟಿಲ್ಯನ ಅರ್ಥಶಾಸ್ತ್ರ, ಅಲ್ಲಿವರೆಗೆ ಬೇರೆಯವರ ಪುಸ್ತಕಗಳಲ್ಲಿ ಬರೋ ಉಲ್ಲೇಖಗಳಿಂದಷ್ಟೇ ವಿದ್ವಾಂಸರಿಗೆ ಗೊತ್ತಿದ್ದ ಗ್ರಂಥ. ಸಿಕ್ಕಿದ್ದು ಅದೃಷ್ಟ ಅಂತ ಎಲ್ರೂ ಬರೀತಾರೆ. ಆದ್ರೆ ಅದು ಏನು ಅಂತ ಗುರುತು ಹಿಡಿದು, 15 ಅಧಿಕರಣಗಳ (ಅಂದ್ರೆ ಭಾಗಗಳ) ಪಠ್ಯವನ್ನ ಓದಿ ಸರಿಮಾಡಿ 1909ರಲ್ಲಿ ಅಚ್ಚು ಹಾಕಿಸಿ, 1915ರಲ್ಲಿ ಪೂರ್ತಿ ಇಂಗ್ಲಿಷ್ ಅನುವಾದನೂ ಕೊಟ್ರಲ್ಲ, ಅದು ಅದೃಷ್ಟ ಹೇಗಾಗುತ್ತೆ? ಸುಂಕ, ತೂಕ, ಗಣಿ, ಆನೆ ಸಾಕೋದು, ಗೂಢಚಾರಿಕೆ, ಇಷ್ಟೆಲ್ಲಾ ವಿಷಯದ ಹಳೇ ಪದಗಳಿಗೆ ಅರ್ಥ ಹುಡುಕಿ ಕೂತ ವರ್ಷಗಳನ್ನ ಮಕ್ಕಳಿಗೆ ಒಂದು ಪ್ಯಾರಾದಲ್ಲಿ ಕಾಣಿಸೋ ಹಾಗೆ ಬರೀಬೇಕು, ಅದಕ್ಕೇ ತಲೆ ಕೆಡಿಸ್ಕೊಂಡಿದೀನಿ. ಸದ್ಯಕ್ಕೆ ಸುಂಕದ ಅಧ್ಯಾಯ ಒಂದನ್ನೇ ತಗೊಂಡು ತೋರಿಸೋಣ ಅಂತಿದೆ.

ಇದಾದ್ಮೇಲೆ ರಾಜೇಶ್ವರಿ ಚಟರ್ಜಿ (1922–2010), ಮಿಶಿಗನ್ನಿನಲ್ಲಿ ಪಿಎಚ್.ಡಿ. ಮಾಡಿ ಬಂದು ಅದೇ ಬೆಂಗಳೂರಿನ ಇನ್‌ಸ್ಟಿಟ್ಯೂಟಲ್ಲಿ ಮೈಕ್ರೋವೇವ್, ಆಂಟೆನಾ ಪಾಠ ಮಾಡಿದವರು. ಆಂಟೆನಾ ಹೇಗೆ ಕೆಲಸ ಮಾಡುತ್ತೆ ಅಂತ ಹೈಸ್ಕೂಲ್ ಮಕ್ಕಳಿಗೆ ಸರಳವಾಗಿ ಹೇಳಿಕೊಡೋ ಮೇಷ್ಟ್ರು ಯಾರಾದ್ರೂ ಇದನ್ನ ಓದ್ತಿದ್ರೆ ದಯವಿಟ್ಟು ತಿಳಿಸಿ, ಆ ಭಾಗ ಅವರ ಜೊತೆ ಕೂತೇ ಬರೀತೀನಿ.