ಥೆಸಲೋನಿಕಿ: ಹತ್ತಬೇಡಿ, ಇಳಿಯಿರಿ

ಗ್ರೀಸ್‌ಗೆ ಹೋದವರು ಅಥೆನ್ಸ್ ನೋಡಿ, ಸಾಂತೋರಿನಿಯಲ್ಲಿ ಫೋಟೊ ತೆಗೆಸಿಕೊಂಡು ಬರುವುದೇ ಜಾಸ್ತಿ. ನಾವು ಉತ್ತರದ ಥೆಸಲೋನಿಕಿಗೂ ನಾಲ್ಕು ದಿನ ಇಟ್ಟುಕೊಂಡಿದ್ದೆವು. ಮೊದಲ ದಿನವೇ ಎಡವಟ್ಟಾಯಿತು. ಜುಲೈ ಬಿಸಿಲಿನಲ್ಲಿ ಸಮುದ್ರದ ಕಡೆಯಿಂದ ಗುಡ್ಡ ಹತ್ತಲು ಹೊರಟೆವು, ಅರ್ಧ ದಾರಿಗೇ ಅಮ್ಮ ಮಂಡಿ ಹಿಡಿದುಕೊಂಡು ಯಾರದೋ ಮನೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ನೀವು ಬಸ್ಸೋ ಟ್ಯಾಕ್ಸಿಯೋ ಹಿಡಿದು ಕೋಟೆಯ ತ್ರಿಗೊನಿಯೊ ಗೋಪುರದವರೆಗೆ ಹೋಗಿ, ಅಲ್ಲಿಂದ ಇಳಿಯುತ್ತಾ ಬನ್ನಿ. 2024ರ ನವೆಂಬರ್‌ನಲ್ಲಿ ಶುರುವಾದ ಮೆಟ್ರೊ ಗುಡ್ಡದ ಮೇಲಕ್ಕೆ ಹೋಗುವುದಿಲ್ಲ.

ಈ ಮೇಲಿನ ಭಾಗದ ಹೆಸರು ಆನೋ ಪೋಲಿ. ನಗಬೇಡಿ, ಗ್ರೀಕಿನಲ್ಲಿ ಪೋಲಿ ಅಂದರೆ ಊರು, ಆನೋ ಅಂದರೆ ಮೇಲೆ. 1430ರಿಂದ 1912ರವರೆಗೆ ಈ ನಗರ ಆಟೊಮನ್ ತುರ್ಕರ ಕೈಯಲ್ಲಿತ್ತು, ಆಗ ಮುಸ್ಲಿಮರು ಹೆಚ್ಚಾಗಿ ಇದ್ದದ್ದು ಇಲ್ಲಿಯೇ. 1923ರಲ್ಲಿ ಗ್ರೀಸ್ ಮತ್ತು ತುರ್ಕಿ ಜನರನ್ನೇ ಅದಲುಬದಲು ಮಾಡಿಕೊಂಡವು. ಇಲ್ಲಿನ ಮುಸ್ಲಿಮರು ಹೋದರು, ತುರ್ಕಿಯಿಂದ ಬಂದ ಗ್ರೀಕ್ ನಿರಾಶ್ರಿತರು ಕೋಟೆ ಗೋಡೆಗೇ ಆನಿಸಿ ಪುಟ್ಟ ಮನೆ ಕಟ್ಟಿಕೊಂಡರು. ಆ ಸಾಲು ಇನ್ನೂ ಅಲ್ಲಲ್ಲಿ ಉಳಿದಿದೆ. ಇನ್ನೂ ಮೇಲಿರುವ ಯೆದಿ ಕುಲೆ ಕೋಟೆ 1989ರವರೆಗೆ ಜೈಲಾಗಿತ್ತು. ಹೆಸರಿನ ಅರ್ಥ ಏಳು ಗೋಪುರ, ಎಣಿಸಿದರೆ ಹತ್ತು! ಹತ್ತಿರದ ವ್ಲಾತಾದೋನ್ ಮಠದ ಅಂಗಳದಲ್ಲಿ ನವಿಲು ಸಾಕಿದ್ದಾರೆ. ಅಷ್ಟು ದೂರ ಹೋಗಿ ನವಿಲು ನೋಡೋದಾ ಅಂತ ಅಮ್ಮನ ಗೊಣಗಾಟ, ಆದರೆ ಜಾಸ್ತಿ ಫೋಟೊ ತೆಗೆದದ್ದೂ ಅವರೇ. ಭುಜ ಮುಚ್ಚುವ ಬಟ್ಟೆ ಇರಲಿ.

ಇಳಿಯುತ್ತಾ ಬಂದರೆ ಒಲಿಂಪಿಯಾದೋಸ್ ರಸ್ತೆಯ ಆಸುಪಾಸಿನಲ್ಲಿ ಊರು ಬದಲಾಗುತ್ತದೆ. ಅಲ್ಲಿಯವರೆಗಿನ ಅಂಕುಡೊಂಕು ಓಣಿಗಳು ಮುಗಿದು ನೇರ ರಸ್ತೆಗಳು, ಎತ್ತರದ ಕಟ್ಟಡಗಳು. ಕಾರಣ ಬೆಂಕಿ. 1917ರ ಆಗಸ್ಟ್ 18ರಂದು ಒಂದು ಮನೆಯ ಅಡುಗೆಯ ಕಿಡಿಯಿಂದ ಹೊತ್ತಿಕೊಂಡಿತಂತೆ, ಗಾಳಿ ಅದನ್ನು ಸಮುದ್ರದ ಕಡೆ ತಳ್ಳಿತು. 70 ಸಾವಿರಕ್ಕೂ ಜಾಸ್ತಿ ಜನ ಮನೆ ಕಳೆದುಕೊಂಡರು, ಅವರಲ್ಲಿ ಬಹುಪಾಲು ಯಹೂದಿಗಳು. ಆಮೇಲೆ ಫ್ರೆಂಚ್ ವಾಸ್ತುಶಿಲ್ಪಿ ಅರ್ನೆಸ್ಟ್ ಎಬ್ರಾರ್ ಹೊಸ ನಕ್ಷೆ ಹಾಕಿದರು. ಅರಿಸ್ಟಾಟಲ್ ಚೌಕ ಅವರದೇ. ಚೆನ್ನಾಗಿದೆ, ಆದರೆ ಅಲ್ಲಿ ಕಾಫಿ ದುಬಾರಿ. ಅದರ ಬದಲು ಒಳಗಿನ ಬೀದಿಯಲ್ಲಿ ಬೂಗಾತ್ಸ ತಿನ್ನಿ, ತೆಳು ಪದರದೊಳಗೆ ಸಿಹಿ ಕೆನೆ, ಮೇಲೆ ಸಕ್ಕರೆ ಮತ್ತು ಚಕ್ಕೆ ಪುಡಿ. ಸಸ್ಯಾಹಾರಿಗಳು ಕೇಳಿಯೇ ತಗೊಳ್ಳಿ, ಕೀಮಾ ತುಂಬಿದ್ದೂ ಇರುತ್ತದೆ.

ಬಂದರಿನ ಪಕ್ಕದ ಲದಾದಿಕಾ ಬೆಂಕಿಯಿಂದ ಉಳಿದುಕೊಂಡ ಪೇಟೆ. ಲಾದಿ ಅಂದರೆ ಎಣ್ಣೆ. ಆಲಿವ್ ಎಣ್ಣೆಯ ಸಗಟು ಅಂಗಡಿಗಳಿದ್ದ ಜಾಗದಲ್ಲಿ ಈಗ ಬಾರ್‌ಗಳು. ಆಗಲೂ ಎಣ್ಣೆ, ಈಗಲೂ ಎಣ್ಣೆ! ಸಂಜೆ ಊಟಕ್ಕೆ ಹೋಗಿ, ರೂಮ್ ಮಾತ್ರ ಅಲ್ಲಿ ಮಾಡಬೇಡಿ. ನಮಗೆ ರಾತ್ರಿ ಮೂರಾದರೂ ನಿದ್ದೆ ಬರಲಿಲ್ಲ.

ಅಲ್ಲಿಂದ ಎರಡು ಹೆಜ್ಜೆಗೆ ಎಲೆಫ್ತೆರಿಯಾಸ್ ಚೌಕ, ಅಂದರೆ ಸ್ವಾತಂತ್ರ್ಯ ಚೌಕ. 1942ರ ಜುಲೈನಲ್ಲಿ, ಆಗ ನಗರವನ್ನು ಆಕ್ರಮಿಸಿಕೊಂಡಿದ್ದ ಜರ್ಮನ್ನರು ಸಾವಿರಾರು ಯಹೂದಿ ಗಂಡಸರನ್ನು ಇಲ್ಲಿ ಬಿಸಿಲಿಗೆ ನಿಲ್ಲಿಸಿ ಹಿಂಸಿಸಿದರು. ಮರುವರ್ಷ ನಗರದ 45 ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ರೈಲಿಗೆ ತುಂಬಿ ಆಶ್‌ವಿಟ್ಸ್‌ನ ಸಾವಿನ ಶಿಬಿರಕ್ಕೆ ಕಳಿಸಿದರು. ಯುದ್ಧ ಮುಗಿದ ಮೇಲೆ ಈ ಜಾಗ ಎಷ್ಟೋ ವರ್ಷ ಕಾರು ನಿಲ್ಲಿಸುವ ಬಯಲಾಗಿತ್ತು. ಕಂಚಿನ ಸ್ಮಾರಕ ಚೌಕದ ಒಂದು ಬದಿಗಿದೆ, ಸುಮ್ನೆ ನಡೆದುಹೋದರೆ ಕಣ್ಣಿಗೆ ಬೀಳುವುದಿಲ್ಲ. ನಾವು ಎರಡು ಸಲ ಅದರ ಮುಂದೆಯೇ ಹಾದುಹೋಗಿದ್ದೆವು.