ಬ್ರಾಕೆಟ್ಟಿನೊಳಗಿನ ಸೊನ್ನೆ

“ಅಲ್ಲ ಮಾರಾಯ, ಸೊನ್ನೆ ಬರ್ದಿದಾರಲ್ಲ. ಬರ್ದಿದ್ದನ್ನ ಬಿಟ್ಟು ಒತ್ತಿದ್ರೆ ಫೋನು ಯಾರ ಮನೆಗೆ ಹೋಗ್ತದೆ?”

ಮಂಗಳವಾರ ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಸಾಗರ ಪೇಟೆಯ ಒಂದು ಮೊಬೈಲ್ ಅಂಗಡಿಯಲ್ಲಿ ಕಿವಿಗೆ ಬಿದ್ದ ಮಾತು. ವಾರ ಮುಗಿಯುತ್ತ ಬಂದರೂ ತಲೆಯಿಂದ ಇಳಿದಿಲ್ಲ. ಕೇಳಿದವರು ಎಪ್ಪತ್ತರ ಆಚೀಚಿನ ಒಬ್ಬ ಅಮ್ಮ. ಒಂದು ಕೈಯಲ್ಲಿ ಕೀಪ್ಯಾಡ್ ಫೋನು, ಇನ್ನೊಂದರಲ್ಲಿ ನಾಲ್ಕು ಮಡಿಕೆಯ ಚೀಟಿ. ಮಗಳು ನರ್ಸ್ ಆಗಿ ಇಂಗ್ಲೆಂಡಿಗೆ ಹೋಗಿ ಇನ್ನೂ ತಿಂಗಳಾಗಿಲ್ಲ. ಇಷ್ಟು ದಿನ ಮೊಮ್ಮಗನ ವಾಟ್ಸಾಪಿನಲ್ಲಿ ಮಾತುಕತೆ; ಅವನು ಹಾಸ್ಟೆಲ್ಲಿಗೆ ಹೊರಟ, ವಾಟ್ಸಾಪೂ ಅವನ ಜೊತೆ ಹೊರಟಿತು. ಮಗಳು ಕಳಿಸಿದ ಇಮೇಲಿನ ಅಡಿಯಲ್ಲಿದ್ದ ನಂಬರನ್ನು ಒಂದು ಚುಕ್ಕಿಯೂ ಬಿಡದಂತೆ ಚೀಟಿಗಿಳಿಸಿ ಕೊಟ್ಟು ಹೋಗಿದ್ದ. ಇಷ್ಟೂ ಸಂಗತಿ ಅಂಗಡಿಯಲ್ಲಿದ್ದ ಎಲ್ಲರಿಗೂ ಎರಡು ನಿಮಿಷದೊಳಗೆ ತಿಳಿದಿತ್ತು, ಯಾರೂ ಕೇಳಿರಲಿಲ್ಲ.

ಚೀಟಿಯಲ್ಲಿದ್ದದ್ದು ಹೀಗೆ: +44 (0)7700 900123. 44 ಬ್ರಿಟನ್ನಿನ ಕೋಡು. ನಿಜವಾದ ನಂಬರು ಬೇರೆ, ರೂಪ ಇದೇ. 07700 900 ಅಂತ ಶುರುವಾಗುವ ಸಾವಿರ ನಂಬರುಗಳನ್ನು ಬ್ರಿಟನ್ನಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ನಾಟಕ, ಧಾರಾವಾಹಿಗಳಲ್ಲಿ ತೋರಿಸಲೆಂದೇ ಎತ್ತಿಟ್ಟಿದೆ. ಹಾಗಾಗಿ ಇಲ್ಲಿ ಬರೆದರೆ ಯಾರ ನಿದ್ದೆಯೂ ಕೆಡುವುದಿಲ್ಲ.

ಕೌಂಟರಿನ ಹುಡುಗ ಮೊದಲ ಸಲ ಪ್ಲಸ್ ಬಿಟ್ಟು 4407700 ಅಂತ ಒತ್ತಿಕೊಂಡು ಹೋದ. ಸಂಖ್ಯೆ ಸರಿಯಿಲ್ಲ, ಪರೀಕ್ಷಿಸಿ ಎಂದಿತು ಹೆಣ್ಣುದನಿ. ಹೇಳಲೇಬೇಕು, ಮುಂದೆ ಪ್ಲಸ್ ಆಗಲಿ 00 ಆಗಲಿ ಇಲ್ಲದಿದ್ದರೆ ಇದು ದೇಶದ ಹೊರಗಿನ ಕರೆ ಅಂತ ನೆಟ್‌ವರ್ಕಿಗೆ ತಿಳಿಯುವುದೇ ಇಲ್ಲ, ಅದು ಭಾರತದೊಳಗೇ 44ರ ನಂಬರು ಹುಡುಕುತ್ತದೆ. ಎರಡನೇ ಸಲ 00 44 0 7700. ಈ ಸಲ ಕರೆ ದಾರಿಗೇನೋ ಬಿತ್ತು, ಆದರೆ 44 ಕಳೆದ ಮೇಲೆ ಬಂದ ಸೊನ್ನೆಗೆ ಅಲ್ಲಿ ಬಾಗಿಲಿಲ್ಲ. ಮತ್ತದೇ ಹೆಣ್ಣುದನಿ. ಹುಡುಗ ಚೀಟಿಯನ್ನು ವಾಪಸ್ ನೂಕಿ, “ನಂಬರೇ ತಪ್ಪಿದೆ ಅಮ್ಮಾ” ಅಂದುಬಿಟ್ಟ. ಇದು ಮಾತ್ರ ಸರಿಯಲ್ಲ. ದಿನವಿಡೀ ನಂಬರುಗಳಲ್ಲೇ ಬದುಕುವವನು ಅದೊಂದು ಮಾತು ಆಡಬಾರದಿತ್ತು. ಆಮೇಲೆ ಕರೆನ್ಸಿ ಹಾಕಿಸಲು ನಿಂತಿದ್ದ ಯಾರೋ “ಆ ಬ್ರಾಕೆಟ್ಟಿನ ಸೊನ್ನೆ ಬಿಟ್ಟು ಒತ್ತಿ ನೋಡು” ಅಂದರು. ಆಗ ಬಂದದ್ದು ಮೇಲಿನ ಪ್ರಶ್ನೆ, ಚೀಟಿಯ ಸೊನ್ನೆಯ ಮೇಲೆ ತೋರುಬೆರಳು ಒತ್ತಿ ಹಿಡಿದುಕೊಂಡು, ಎಲ್ಲಿ ಯಾರಾದರೂ ಅಳಿಸಿಬಿಡುತ್ತಾರೋ ಎಂಬ ಹಾಗೆ.

ಅವರ ಪ್ರಶ್ನೆಯಲ್ಲಿ ತಪ್ಪೇನಿದೆ? ಬ್ಯಾಂಕಿನ ಖಾತೆ ಸಂಖ್ಯೆಯಲ್ಲಿ ಒಂದು ಸೊನ್ನೆ ಬಿಟ್ಟರೆ ದುಡ್ಡು ಸೇರುವುದಿಲ್ಲ. ಆಧಾರ್, ಪಹಣಿ, ಗ್ಯಾಸ್ ಬುಕ್ಕಿಂಗ್ ಎಲ್ಲ ಕಡೆಯೂ ಬರೆದದ್ದನ್ನು ಬರೆದ ಹಾಗೇ ಹಾಕಬೇಕು. ಫೋನ್ ನಂಬರಿನಲ್ಲಿ ಮಾತ್ರ ಬರೆದದ್ದರಲ್ಲಿ ಒಂದನ್ನು ಒತ್ತಬಾರದು ಅಂದರೆ ಯಾರು ತಾನೇ ನಂಬಿಯಾರು?

ಎಸ್‌ಟಿಡಿ ಬೂತಿನ ಕಾಲದಲ್ಲಾದರೆ ಇದನ್ನು ವಿವರಿಸುವುದು ಬೇಡವಾಗಿತ್ತು. ಸಾಗರದ ಕೋಡ್ 08183, ಶಿವಮೊಗ್ಗ 08182, ಬೆಂಗಳೂರು 080. ಊರೊಳಗಿನ ಲ್ಯಾಂಡ್‌ಲೈನಿಗೆ ಆರು ಅಂಕಿ ಸಾಕು. ಊರಾಚೆಗೆ ಮಾಡುವಾಗ ಮೊದಲು ಸೊನ್ನೆ. “ಇದು ಇಲ್ಲಿಯದಲ್ಲ, ಹೊರಗೆ ಬಿಡು” ಅಂತ ಎಕ್ಸ್‌ಚೇಂಜಿಗೆ ಹೇಳುವ ಮಾತು ಅದು. ಸಾಗರದ ನಿಜವಾದ ಕೋಡು 8183 ಮಾತ್ರ. ಸೊನ್ನೆ ಅಂದರೆ ಮನೆಯ ಒಳಗಿರುವವರು ಹೊರಗೆ ಹೋಗಲು ತೆಗೆಯುವ ಬಾಗಿಲು. ಲಂಡನ್ನಿನಿಂದ ಬರುವ ಕರೆ ಒಳಗಿನಿಂದ ಹೊರಟದ್ದಲ್ಲವಲ್ಲ, ಅದಕ್ಕೆ ಈ ಬಾಗಿಲಿನ ಗೊಡವೆಯಿಲ್ಲ. ಅದು +91 8183 ಅಂತ ಬರಬೇಕು, ಮುಂದೆ ಆರು ಅಂಕಿ. ಊರ ಕೋಡು ಚಿಕ್ಕದಿರಲಿ ಉದ್ದವಿರಲಿ, 91 ಆದ ಮೇಲೆ ಒಟ್ಟು ಹತ್ತೇ: ಬೆಂಗಳೂರಿನ 80ಕ್ಕೆ ಎಂಟು, ಮಂಗಳೂರಿನ 824ಕ್ಕೆ ಏಳು.

ಬ್ರಿಟನ್ನಿನಲ್ಲೂ ಇದೇ ಕಥೆ. ಅಲ್ಲಿನವರು ತಮ್ಮತಮ್ಮೊಳಗೆ 07700 ಅನ್ನುತ್ತಾರೆ, ನಾವು +44 7700 ಅನ್ನಬೇಕು. ಆ ಬ್ರಾಕೆಟ್ಟಿನ ಸೊನ್ನೆ ಒಂದೇ ಸಾಲಿನಲ್ಲಿ ಇಬ್ಬರಿಗೂ ಹೇಳಲು ಹೊರಟ ಜಾಣತನ: ಬ್ರಿಟನ್ನಿನ ಒಳಗಿಂದಾದರೆ 44 ಬಿಟ್ಟು ಸೊನ್ನೆ ಒತ್ತಿ, ಹೊರಗಿನಿಂದಾದರೆ ಸೊನ್ನೆ ಬಿಟ್ಟು 44 ಒತ್ತಿ. ಗೊತ್ತಿದ್ದವರಿಗೆ ಅದು ಬೇಕಿಲ್ಲ, ಗೊತ್ತಿಲ್ಲದವರಿಗೆ ಅದರಿಂದ ಗೊತ್ತಾಗುವುದಿಲ್ಲ. ನಂಬರು ಬರೆಯುವ ಬಗೆ ಹೇಳುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಇ.123 ಶಿಫಾರಸು ಕೂಡ ಪ್ಲಸ್ ಹಾಕಿದ ನಂಬರಿನಲ್ಲಿ ಬ್ರಾಕೆಟ್ ಬೇಡ ಅನ್ನುತ್ತದೆ. ಆದರೂ ದೊಡ್ಡ ದೊಡ್ಡ ಕಚೇರಿಗಳ ಲೆಟರ್‌ಹೆಡ್ಡುಗಳಲ್ಲಿ ಅದು ಠೀವಿಯಿಂದ ಕೂತಿರುತ್ತದೆ. ನಮ್ಮವರೇನು ಕಮ್ಮಿಯಿಲ್ಲ. ಜೋಗದ ದಾರಿಯ ಹೋಮ್‌ಸ್ಟೇ ಬೋರ್ಡುಗಳಲ್ಲಿ +91 08183 ಅಂತ ಬ್ರಾಕೆಟ್ಟೂ ಇಲ್ಲದೆ ಬರೆಸಿ, ವಿದೇಶದವರು ಫೋನೇ ಮಾಡುವುದಿಲ್ಲ ಅಂದರೆ ಹೇಗೆ?

ಒಂದು ಸೊನ್ನೆ ಊರ ಬಾಗಿಲಾದರೆ ಎರಡು ಸೊನ್ನೆ ದೇಶದ ಬಾಗಿಲು. ಭಾರತದಲ್ಲಿ, ಬ್ರಿಟನ್ನಿನಲ್ಲಿ, ಗಲ್ಫ್ ದೇಶಗಳಲ್ಲಿ 00. ಅಮೆರಿಕ, ಕೆನಡಾದಲ್ಲಿ 011, ಆಸ್ಟ್ರೇಲಿಯಾದಲ್ಲಿ 0011, ಜಪಾನಿನಲ್ಲಿ 010. ಇಷ್ಟೆಲ್ಲ ನೆನಪಿಡಲಾರದವರಿಗಾಗಿಯೇ ಮೊಬೈಲಿನಲ್ಲಿ ಪ್ಲಸ್ ಇರುವುದು. ನೀವು ಯಾವ ದೇಶದಲ್ಲಿದ್ದೀರೋ ಅಲ್ಲಿಯ ಬಾಗಿಲನ್ನು ನೆಟ್‌ವರ್ಕೇ ತೆಗೆದುಕೊಡುತ್ತದೆ. ಕೀಪ್ಯಾಡ್ ಫೋನಿನಲ್ಲಿ ಸೊನ್ನೆಯ ಗುಂಡಿಯನ್ನು ಒತ್ತಿ ಹಿಡಿದರೆ ಪ್ಲಸ್ ಬರುತ್ತದೆ, ಕೆಲವು ಸೆಟ್ಟುಗಳಲ್ಲಿ ನಕ್ಷತ್ರದ ಗುಂಡಿಯನ್ನು ಬೇಗಬೇಗ ಎರಡು ಸಲ ಒತ್ತಬೇಕು. ಲ್ಯಾಂಡ್‌ಲೈನಿನಲ್ಲಿ ಪ್ಲಸ್ ಇಲ್ಲ, ಅಲ್ಲಿ ಬಾಗಿಲು ನೀವೇ ತೆಗೆಯಬೇಕು.

ದೇಶದ ಕೋಡುಗಳು ಒಂದು ಅಂಕಿಯಿಂದ ಮೂರು ಅಂಕಿಯವರೆಗೆ ಇರುತ್ತವೆ, ಆದರೂ ಎಕ್ಸ್‌ಚೇಂಜಿಗೆ ಗೊಂದಲವಿಲ್ಲ. ಯಾವ ಕೋಡೂ ಇನ್ನೊಂದು ಕೋಡಿನ ತಲೆಯಾಗಿರದಂತೆ ಹಂಚಿದ್ದಾರೆ. 91 ಭಾರತಕ್ಕೆ ಸಿಕ್ಕ ಮೇಲೆ 910ರಿಂದ 919ರವರೆಗೆ ಯಾರಿಗೂ ಇಲ್ಲ. 96 ಮತ್ತು 97 ಯಾರೊಬ್ಬರಿಗೂ ಪೂರ್ತಿ ಕೊಡದ ಕಾರಣ ಕುವೈತ್ 965, ಸೌದಿ 966, ಒಮಾನ್ 968, ಎಮಿರೇಟ್ಸ್ 971, ಬಹರೈನ್ 973, ಕತಾರ್ 974 ಅಂತ ಅಷ್ಟು ಜನ ಒಂದೇ ಚಾವಡಿಯಲ್ಲಿ ಹಿಡಿಸಿದ್ದಾರೆ. ದುಬೈಯಲ್ಲಿರುವ ಮಗ 050 ಅಂತ ಹೇಳಿದರೆ ಬರೆದುಕೊಳ್ಳಬೇಕಾದ್ದು +971 50, ಆಮೇಲೆ ಏಳು ಅಂಕಿ. ಕುವೈತ್, ಕತಾರ್, ಒಮಾನ್, ಬಹರೈನ್‌ಗಳಲ್ಲಿ ತೆಗೆಯಲು ಸೊನ್ನೆಯೇ ಇಲ್ಲ, ಕೋಡಿನ ನಂತರ ನೇರ ಎಂಟು ಅಂಕಿ. ಎಣಿಸಿ ನೋಡುವುದು ಒಳ್ಳೆಯ ಅಭ್ಯಾಸ. ಜರ್ಮನಿಗೆ ಮಾತ್ರ ಈ ಎಣಿಕೆ ನಡೆಯದು, ಅಲ್ಲಿನ ನಂಬರುಗಳು ಒಂದೊಂದು ಒಂದೊಂದು ಉದ್ದ.

ಸೊನ್ನೆ ತೆಗೆಯುವ ನಿಯಮಕ್ಕೆ ಕೈಕೊಡುವ ದೇಶ ಇಟಲಿ. ರೋಮ್‌ನ ಲ್ಯಾಂಡ್‌ಲೈನಿಗೆ +39 06 ಅಂತಲೇ ಒತ್ತಬೇಕು. 1998ರಿಂದ ಅಲ್ಲಿ ಸೊನ್ನೆ ಬಾಗಿಲಲ್ಲ, ನಂಬರಿನ ಮೈಯೊಳಗೇ ಸೇರಿಹೋಗಿದೆ. ಆ ಅಮ್ಮನ ಮಗಳು ರೋಮ್‌ನಲ್ಲಿದ್ದು ಲ್ಯಾಂಡ್‌ಲೈನ್ ಕೊಟ್ಟಿದ್ದರೆ ಅವರ ವಾದವೇ ಗೆಲ್ಲುತ್ತಿತ್ತು! ಅರ್ಜೆಂಟೀನಾದ ಮೊಬೈಲು ಇನ್ನೂ ವಿಚಿತ್ರ: ಒಳಗಿನವರು ಊರಕೋಡಿನ ನಂತರ 15 ಸೇರಿಸುತ್ತಾರೆ, ಹೊರಗಿನವರು ಆ 15 ತೆಗೆದು ದೇಶದ ಕೋಡು 54ರ ಪಕ್ಕದಲ್ಲಿ 9 ಇಡಬೇಕು. ರಷ್ಯಾದಲ್ಲಿ ಸೊನ್ನೆಯ ಕೆಲಸವನ್ನು 8 ಮಾಡುತ್ತದೆ.

ಆದರೆ ಈ ಗೊಂದಲದ ಅತಿ ಚಂದದ ನಮೂನೆ ಇರುವುದು ನಮ್ಮ ಮೊಬೈಲ್ ನಂಬರುಗಳಲ್ಲೇ. ನಾವು ಎಲ್ಲರನ್ನೂ ಬರೀ ಹತ್ತು ಅಂಕಿಯಲ್ಲಿ ಸೇವ್ ಮಾಡಿಕೊಂಡಿರುತ್ತೇವೆ. ಅಮೆರಿಕಕ್ಕೆ ಹೋಗಿ ಅಲ್ಲಿಯ ಸಿಮ್ ಹಾಕಿದ ಕೂಡಲೇ ಆ ಹತ್ತು ಅಂಕಿಗೆ ಬೇರೆಯದೇ ಅರ್ಥ ಬರುತ್ತದೆ, ಅಲ್ಲಿಯ ನಂಬರೂ ಹತ್ತೇ ಅಂಕಿ. ಬೆಂಗಳೂರಿನ ಹಳೆಯ ಮೊಬೈಲ್ ಸರಣಿ 9845. ಅದನ್ನು ಹಾಗೇ ಒತ್ತಿದರೆ ಮೊದಲ ಮೂರು ಅಂಕಿ 984 ಅಲ್ಲಿನ ಏರಿಯಾ ಕೋಡ್ ಆಗುತ್ತದೆ, ಅದು ನಾರ್ತ್ ಕ್ಯಾರೊಲಿನಾದ ರಾಲಿ ನಗರದ್ದು. ಸರಿ, 91 ಸೇರಿಸೋಣ ಅಂತ ಪ್ಲಸ್ ಮರೆತು 919845 ಒತ್ತಿದಿರಿ, ಎಕ್ಸ್‌ಚೇಂಜ್ ಮೊದಲ ಹತ್ತು ಅಂಕಿಯನ್ನಷ್ಟೇ ಹಿಡಿದುಕೊಂಡಿತು ಅನ್ನಿ. ಈಗ ಏರಿಯಾ ಕೋಡ್ 919, ಅದೂ ರಾಲಿಯದೇ! ಒಂದೇ ಸೀಮೆಗೆ ಎರಡು ಕೋಡು ಕೊಟ್ಟಿದ್ದಾರೆ. ಎರಡು ಬೇರೆ ಬೇರೆ ತಪ್ಪು ಮಾಡಿಯೂ ಒಂದೇ ಊರಿನವರ ಬೈಗುಳ ತಿನ್ನಬಹುದು. ಅಲ್ಲಿಯ ಆಫೀಸು ಫೋನಿನಿಂದ ಊರಿಗೆ ಮಾಡುವಾಗ ಇನ್ನೊಂದು ಗಂಡಾಂತರವುಂಟು: ಹೊರಲೈನಿಗೆ 9, ಆಮೇಲೆ 011, ಆಮೇಲೆ 91. ನಡುವಿನ ಸೊನ್ನೆ ಸರಿಯಾಗಿ ಕೂರದಿದ್ದರೆ ಉಳಿಯುವುದು 911, ಪೊಲೀಸರನ್ನು ಕರೆಯುವ ಅಲ್ಲಿಯ ತುರ್ತು ನಂಬರು. ಹಾಗಾದಾಗ ಗಾಬರಿಯಿಂದ ಇಟ್ಟುಬಿಡಬಾರದು, ತಪ್ಪಿ ಬಂತು ಅಂತ ಹೇಳಿಯೇ ಇಡಬೇಕು. ಇಲ್ಲದಿದ್ದರೆ ಅವರು ವಾಪಸ್ ಮಾಡುತ್ತಾರೆ, ಬಾಗಿಲಿಗೂ ಬರಬಹುದು.

ಪರಿಹಾರ ಬಹಳ ಸಣ್ಣದು. ಮನೆಯವರ, ಡಾಕ್ಟರರ, ಬ್ಯಾಂಕಿನ ನಂಬರನ್ನೆಲ್ಲ ಊರಿನಲ್ಲಿದ್ದಾಗಲೇ +91 ಹಾಕಿ ಸೇವ್ ಮಾಡಿಟ್ಟುಕೊಳ್ಳುವುದು. ಊರಿನಲ್ಲೂ ಅದು ನಡೆಯುತ್ತದೆ, ಒಂದು ಪೈಸೆ ಹೆಚ್ಚು ಬೀಳುವುದಿಲ್ಲ. ಬ್ಯಾಂಕಿನ 1800ರ ಉಚಿತ ನಂಬರು ಹೊರದೇಶದಿಂದ ಸಾಮಾನ್ಯವಾಗಿ ಸಿಗುವುದಿಲ್ಲ, ಕಾರ್ಡಿನ ಹಿಂದೆ ಇನ್ನೊಂದು ನಂಬರು ಇರುತ್ತದೆ, ಅದನ್ನು ಬರೆದಿಟ್ಟುಕೊಳ್ಳಬೇಕು. ಇಷ್ಟು ಸಾಲದೆ, 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡಲು ಮುಂದೊಂದು ಸೊನ್ನೆ ಹಾಕಬೇಕು. ಆ ಸೊನ್ನೆಯೂ ಬಾಗಿಲೇ, ನಂಬರಲ್ಲ. ಸೊನ್ನೆ ಬಿಡಬೇಡಿ ಅಂತ ಹೇಳಿಕೊಟ್ಟವರೂ ನಾವೇ, ಬಿಡಿ ಅನ್ನುವವರೂ ನಾವೇ.

ಅಂಗಡಿಯಲ್ಲಿ ಕೊನೆಗೆ ಹುಡುಗ ಸೊನ್ನೆ ಒತ್ತಿ ಹಿಡಿದು ಪ್ಲಸ್ ತರಿಸಿ, +447700 ಅಂತ ಮುಂದುವರಿಸಿದ. ಅಮ್ಮ ಬೆರಳು ತೆಗೆದಿರಲಿಲ್ಲ. ಈ ಸಲ ಬಂದದ್ದು ಬೇರೆ ದನಿ: ಈ ಕರೆಗೆ ಬೇಕಾದಷ್ಟು ಬ್ಯಾಲೆನ್ಸ್ ಇಲ್ಲ. “ಮೊನ್ನೆ ತಾನೆ ಅನ್‌ಲಿಮಿಟೆಡ್ ಹಾಕ್ಸಿದ್ದೆ ನೀನೇ” ಅಂದರು. ಅನ್‌ಲಿಮಿಟೆಡ್ ಎಂಬ ಮಾತಿಗೆ ದೇಶದ ಗಡಿಯೇ ಲಿಮಿಟ್ಟು. ಹೊರಗೆ ಮಾಡಲು ಐಎಸ್‌ಡಿ ಪ್ಯಾಕ್ ಬೇಕು, ಇಲ್ಲವೇ ಮುಖ್ಯ ಬ್ಯಾಲೆನ್ಸಿನಲ್ಲಿ ದುಡ್ಡಿರಬೇಕು. ಪ್ಯಾಕ್ ಕೊಳ್ಳುವ ಮುಂಚೆ ಯಾವ ದೇಶಕ್ಕೆ, ಅಲ್ಲಿ ಮೊಬೈಲಿಗೋ ಲ್ಯಾಂಡ್‌ಲೈನಿಗೋ, ನಿಮಿಷದ ದರವೆಷ್ಟು ಅಂತ ಕೇಳಿಕೊಳ್ಳಬೇಕು. ಬ್ರಿಟನ್ನಿಗೆ ಮೊಬೈಲ್ ಒಂದು ದರ, ಲ್ಯಾಂಡ್‌ಲೈನ್ ಇನ್ನೊಂದು ಇರುವುದು ಮಾಮೂಲು. ಹುಡುಗ ಪಟ್ಟಿ ತೆಗೆದು ತಾಳ್ಮೆಯಿಂದಲೇ ಓದಿ ಹೇಳಿದ; ಮೇಲೆ ಅವನನ್ನು ಬೈದದ್ದರಲ್ಲಿ ಅರ್ಧ ವಾಪಸ್ ತೆಗೆದುಕೊಳ್ಳಬೇಕಾಯಿತು.

ಪ್ಯಾಕ್ ಬಿದ್ದ ಮೇಲೆ ಕರೆ ಹೋಯಿತು. ಟ್ರಿಂಗ್‌ಟ್ರಿಂಗ್ ಅಂತ ಜೋಡಿ ಗಂಟೆ, ಸ್ವಲ್ಪ ಬಿಡುವು, ಮತ್ತೆ ಜೋಡಿ. ನಮ್ಮ ಹಳೆಯ ಲ್ಯಾಂಡ್‌ಲೈನಿನ ಹಾಗೆಯೇ. ಯಾರೂ ಎತ್ತಲಿಲ್ಲ. ಅಲ್ಲಿ ಬೇಸಿಗೆ, ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಅಂದರೆ ಬೆಳಗಿನ ಆರೂ ಕಾಲು. ಚಳಿಗಾಲದಲ್ಲಾದರೆ ಐದೂವರೆ ಗಂಟೆಯ ಅಂತರ.

ಅಮ್ಮ ಚಿಲ್ಲರೆ ಎಣಿಸಿಕೊಂಡು ಮೆಟ್ಟಿಲಿಳಿಯುವಷ್ಟರಲ್ಲಿ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಅವರು ಎತ್ತಲಿಲ್ಲ. ಪ್ಲಸ್ ಇಂದ ಶುರುವಾಗುವ ಗೊತ್ತಿಲ್ಲದ ನಂಬರು ಬಂದರೆ ಎತ್ತಬೇಡಿ, ವಾಪಸ್ ಮಾಡಲೇಬೇಡಿ, ದುಡ್ಡು ಹೋಗ್ತದೆ ಅಂತ ಇದೇ ಹುಡುಗ ಹಿಂದೊಮ್ಮೆ ಹೇಳಿಕೊಟ್ಟಿದ್ದನಂತೆ. ಹೇಳಿಕೊಟ್ಟದ್ದು ಒಳ್ಳೆಯದೇ. ಒಂದೇ ರಿಂಗು ಕೊಟ್ಟು ಕಟ್ ಮಾಡಿ, ವಾಪಸ್ ಮಾಡಿದವರ ದುಬಾರಿ ನಿಮಿಷದಲ್ಲಿ ಪಾಲು ಹೊಡೆಯುವ ದಂಧೆಗೆ ಜಪಾನಿನಲ್ಲಿ ವಾಂಗಿರಿ ಅಂತ ಹೆಸರೇ ಇದೆ. +1 876 ನೋಡಿದರೆ ಅಮೆರಿಕದ ಹಾಗೇ ಕಾಣುತ್ತದೆ, ಅದು ಜಮೈಕಾ. ಆದರೆ ಆ ಪಾಠ ಇವತ್ತು ಅಡ್ಡ ಬಂದಿತ್ತು.

ಅಮ್ಮ ಮೆಟ್ಟಿಲ ಮೇಲೇ ನಿಂತು, ಚೀಟಿ ಬಿಡಿಸಿ, ಪರದೆಯ ಪಕ್ಕಕ್ಕೆ ಹಿಡಿದು ಒಂದೊಂದೇ ಅಂಕಿ ತಾಳೆ ನೋಡಿದರು. ನಾಲ್ಕು. ನಾಲ್ಕು. ಆಮೇಲೆ ಬೆರಳು ನಿಂತಿತು.

“ಇದ್ರಲ್ಲಿ ಸೊನ್ನೆ ಇಲ್ಲ. ಇದು ಅವಳದ್ದಲ್ಲ.”

ಫೋನು ಸುಮ್ಮನಾಯಿತು. ಹುಡುಗ ಕೌಂಟರಿನಿಂದ ಅರ್ಧ ಮೈ ಹೊರಗೆ ಹಾಕಿ, “ಅವ್ರದ್ದೇ ಅಮ್ಮಾ, ಎತ್ತಿ!” ಅಂತ ಕೂಗುವಾಗಲೇ ಎರಡನೇ ಸಲ ಗಂಟೆ ಬಂತು. ಅವರು ಫೋನನ್ನು ಹುಡುಗನ ಕೈಗೇ ಕೊಟ್ಟರು. ಅವನು ಹಸಿರು ಗುಂಡಿ ಒತ್ತಿ, ಸ್ಪೀಕರ್ ಹಾಕಿ, ಅವರ ಬಾಯಿಯ ಹತ್ತಿರ ಹಿಡಿದ.