ಹೊಸ ಮಾನಿಟರ್ ತಗೊಳ್ಳೋ ಮೊದಲು ಕಪ್ಪು ಪಟ್ಟಿ ಎಲ್ಲಿದೆ ನೋಡಿ

ಕಂಪ್ಯೂಟರ್ ಆನ್ ಆಗುತ್ತೆ, ಎಲ್ಲಾ ಕೆಲಸಾನೂ ಮಾಡುತ್ತೆ, ಆದ್ರೆ ಸ್ಕ್ರೀನ್ ತುಂಬಾ ಬರಲ್ಲ, ಸುತ್ತನೋ ಅಕ್ಕಪಕ್ಕನೋ ಕಪ್ಪು ಪಟ್ಟಿ. ಇದನ್ನ ಯಾರಿಗಾದ್ರೂ ತೋರಿಸಿದ್ರೆ ಸಾಕು, "ಪ್ಯಾನೆಲ್ ಹೋಗಿದೆ, ಹೊಸದು ಹಾಕ್ಬಿಡಿ" ಅಂತಾರೆ (ಪ್ಯಾನೆಲ್ ಅಂದ್ರೆ ಮಾನಿಟರ್‌ನಲ್ಲಿ ಚಿತ್ರ ಮೂಡೋ ಹಲಗೆ). ಈ ಮಾತು ಕೇಳಿ ಕೇಳಿ ಸಿಟ್ಟು ಬಂದೇ ಇದನ್ನ ಬರೀತಿದ್ದೀನಿ. ನಾನು ಹಾಸನದಲ್ಲಿ ಡಿಟಿಪಿ ಕೆಲಸ ಮಾಡೋನು, ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ಕು ಅಂತ ಇಡೀ ದಿನ ಸ್ಕ್ರೀನ್ ಮುಂದೇನೇ ಇರ್ತೀನಿ, ಅದಕ್ಕೆ ನೆಂಟರಿಷ್ಟರು ಯಾರ ಮನೇಲಿ ಸಿಸ್ಟಮ್ ಕೆಟ್ರೂ ಫೋನ್ ನಂಗೇ ಬರುತ್ತೆ.

ಹೋದ ಮಳೆಗಾಲದಲ್ಲಿ ಆಲೂರು ಕಡೆ ಇರೋ ನಮ್ಮ ಚಿಕ್ಕಪ್ಪ ಫೋನ್ ಮಾಡಿದ್ರು. "ಏನೋ ಇದು, ಸ್ಕ್ರೀನು ಎರಡೂ ಕಡೆ ಕಪ್ಪಾಗೋಗಿದೆ ಕಣೋ, ಅಕ್ಷರ ಎಲ್ಲ ದಪ್ಪ ದಪ್ಪ, ಪಹಣಿ ತೆಗೆದು ನೋಡಕ್ಕೂ ಆಗ್ತಿಲ್ಲ, ಅಂಗಡಿಯವ್ನು ಮಾನಿಟರ್ರೇ ಹೋಯ್ತು ಅಂತಾನೆ." ದುಡ್ಡು ಮಾತ್ರ ಕೊಡ್ಬೇಡಿ ಚಿಕ್ಕಪ್ಪ, ಭಾನುವಾರ ಬರ್ತೀನಿ ಅಂದೆ. ಹೋಗಿ ಮೊದಲು ಮಾಡಿದ್ದು ಸಿಪಿಯು ಹಿಂದಿರೋ ಕೇಬಲ್ ಕಿತ್ತಿದ್ದು. ಮಾನಿಟರ್ ಮೇಲೆ "ನೋ ಸಿಗ್ನಲ್" ಅಂತ ಒಂದು ಡಬ್ಬಿ ಬಂತು, ಆ ಮೂಲೆಯಿಂದ ಈ ಮೂಲೆಗೆ ಓಡಾಡ್ತಿತ್ತು, ಕಪ್ಪಾಗಿತ್ತಲ್ಲ ಆ ಜಾಗಕ್ಕೂ ಆರಾಮಾಗಿ ಹೋಗಿ ಬರ್ತಿತ್ತು. "ನೋಡಿ ಚಿಕ್ಕಪ್ಪ, ಈ ಡಬ್ಬಿ ಬರೆಯೋದು ಮಾನಿಟರ್ರೇ, ಕಂಪ್ಯೂಟರ್ ಅಲ್ಲ. ಪ್ಯಾನೆಲ್ ಸತ್ತಿದ್ರೆ ಇದು ಅಲ್ಲಿ ಕಾಣ್ತಾನೇ ಇರ್ಲಿಲ್ಲ" ಅಂದೆ. ಕೆಲವು ಮಾನಿಟರ್‌ನಲ್ಲಿ ಆ ಡಬ್ಬಿ ನಿಂತ ಕಡೆನೇ ನಿಂತಿರುತ್ತೆ, ಆಗ ಮಾನಿಟರ್‌ದೇ ಮೆನು ಬಟನ್ ಒತ್ತಿ, ಮೆನು ಎಲ್ಲಿ ಕಾಣ್ಬೇಕು ಅನ್ನೋ ಪೊಸಿಷನ್ ಸೆಟ್ಟಿಂಗ್‌ನಲ್ಲಿ ಅದನ್ನ ಕಪ್ಪು ಜಾಗಕ್ಕೆ ತಳ್ಳಿ ನೋಡಿ. ಅಲ್ಲಿ ಕಂಡ್ರೆ ಪ್ಯಾನೆಲ್ ಚೆನ್ನಾಗಿದೆ ಅಂತಾನೇ ಅರ್ಥ. ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಇದು, ಇದನ್ನ ಮಾಡ್ದೆ ಯಾರಾದ್ರೂ ಪ್ಯಾನೆಲ್ ಹೋಗಿದೆ ಅಂದ್ರೆ ದಯವಿಟ್ಟು ನಂಬ್ಬೇಡಿ.

ಆಮೇಲೆ ವಿಂಡೋಸ್‌ನಲ್ಲಿ ಕಂಪ್ಯೂಟರ್‌ಗೆ ಸೇರಿರೋ ಭಾಗಗಳನ್ನ ತೋರಿಸೋ ಡಿವೈಸ್ ಮ್ಯಾನೇಜರ್ ತೆಗೆದೆ, ಮಾನಿಟರ್ ಅನ್ನೋ ಕಡೆ ಜೆನೆರಿಕ್ ನಾನ್ ಪಿಎನ್‌ಪಿ ಮಾನಿಟರ್ ಅಂತಿತ್ತು. ಅಂದ್ರೆ ಎದುರುಗಡೆ ಇರೋ ಮಾನಿಟರ್ ಯಾವ್ದು, ಎಷ್ಟು ದೊಡ್ಡದು ಅಂತ ಕಂಪ್ಯೂಟರ್‌ಗೆ ಗೊತ್ತೇ ಆಗ್ತಿಲ್ಲ, ಹಾಗಾಗಿ ಯಾವುದಕ್ಕಾದ್ರೂ ಆಗುತ್ತೆ ಅಂತ 1024×768 ರೆಸಲ್ಯೂಷನ್ (ಅಡ್ಡಕ್ಕೆ 1024, ಮೇಲಿಂದ ಕೆಳಕ್ಕೆ 768 ಪಿಕ್ಸೆಲ್, ಅಂದ್ರೆ ಚುಕ್ಕಿ) ಇಟ್ಕೊಂಡು ಕೂತಿದೆ. ಇವ್ರದ್ದು ಹಳೇ ನೀಲಿ ವಿಜಿಎ ಕೇಬಲ್, 15 ಪಿನ್ನಿಂದು. ಅದ್ರಲ್ಲಿ 12 ಮತ್ತು 15ನೇ ಪಿನ್ ಚಿತ್ರಕ್ಕಲ್ಲ, ಮಾನಿಟರ್ ತನ್ನ ವಿವರನ ಕಂಪ್ಯೂಟರ್‌ಗೆ ಹೇಳೋದು ಆ ಎರಡರಲ್ಲೇ. ಮನೆ ಸೋರ್ತಿತ್ತು ಅಂತ ಟೇಬಲ್ಲನ್ನ ಹಜಾರಕ್ಕೆ ಎಳೆದಿದ್ರಂತೆ, ಕೇಬಲ್ ವಾಪಸ್ ಹಾಕೋವಾಗ ಬಲವಂತ ಮಾಡಿದ್ದಾರೆ. ಅಗಲದ ಕಡೆ ಮೇಲೆ ಮಾಡಿ, ಪಿನ್ನು ನಮ್ಮ ಕಡೆ ತಿರುಗಿಸಿ ಹಿಡಿದು ನೋಡಿದ್ರೆ ಕೆಳಗಿನ ಸಾಲಲ್ಲಿ ಎಡದಿಂದ ಎರಡನೇದು, ಅದೇ 12ನೇದು, ಮಲಗಿಬಿಟ್ಟಿತ್ತು. ಸ್ವಿಚ್ ಆಫ್ ಮಾಡಿ ಸಣ್ಣ ಚಿಮಟದಲ್ಲಿ ನಿಧಾನಕ್ಕೆ ಎತ್ತಿ ನಿಲ್ಲಿಸಿ, ಕೈ ಬಿಗಿ ಮಾಡ್ದೆ ಕೇಬಲ್ ಹಾಕಿ, ಎರಡೂ ಕಡೆ ಸ್ಕ್ರೂ ತಿರುಗಿಸಿ ಆನ್ ಮಾಡಿದ್ರೆ 1920×1080 ತಾನಾಗೇ ಬಂತು. ಚಿಕ್ಕಮ್ಮ ಅಡುಗೆಮನೆಯಿಂದ ಬಂದು ನೋಡಿ "ಅಷ್ಟೇನಾ?" ಅಂದ್ರು. ಹೌದು, ಅಷ್ಟೇ. ಇನ್ನೊಂದು ವಿಷ್ಯ, ಮಧ್ಯದ ಸಾಲಲ್ಲಿ 9ನೇ ಪಿನ್ ತುಂಬಾ ಕೇಬಲ್‌ಗಳಲ್ಲಿ ಇರೋದೇ ಇಲ್ಲ, ಫ್ಯಾಕ್ಟರಿಯಲ್ಲೇ ಬಿಟ್ಟಿರ್ತಾರೆ, ಅದನ್ನ ನೋಡಿ ಪಿನ್ ಮುರಿದಿದೆ ಅಂತ ಗಾಬರಿ ಆಗ್ಬೇಡಿ.

ಎಲ್ಲಾ ಕಡೆ ಕಾರಣ ಇದೇ ಇರಲ್ಲ, ಅದಕ್ಕೇ ಕಪ್ಪು ಎಲ್ಲಿದೆ ಅಂತ ನೋಡಿ ಅನ್ನೋದು. ಎಡ ಬಲ ಮಾತ್ರ ಕಪ್ಪಿದ್ರೆ ಅದು ಆಕಾರದ ತಕರಾರು, ಹಳೇ 4:3 ಅಳತೆಯ (ಅಗಲ 4 ಪಾಲಾದ್ರೆ ಎತ್ತರ 3 ಪಾಲು) ಚಿತ್ರನ 16:9 ಸ್ಕ್ರೀನಲ್ಲಿ ತೋರಿಸ್ತಿದೆ. 1920×1080 ಸ್ಕ್ರೀನಲ್ಲಿ ಅಂಥ ಚಿತ್ರಕ್ಕೆ 1440 ಅಗಲ ಸಾಕು, ಮಿಕ್ಕಿದ್ರಲ್ಲಿ ಆ ಕಡೆ 240, ಈ ಕಡೆ 240 ಪಿಕ್ಸೆಲ್ ಖಾಲಿ. ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ ಶುರುವಾಗಿದ್ರೆ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ ಅನ್ನೋ ಕಡೆ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅಂತಿದ್ಯಾ ನೋಡಿ. ಇದ್ರೆ ಗ್ರಾಫಿಕ್ಸ್ ಡ್ರೈವರ್ (ಚಿತ್ರ ತೋರಿಸೋ ಭಾಗನ ವಿಂಡೋಸ್ ನಡೆಸೋಕೆ ಬೇಕಾದ ಸಾಫ್ಟ್‌ವೇರ್) ಹಾಕಿಲ್ಲ ಅಂತ. ನೆಟ್ ಇಲ್ಲ ಅಂದ್ರೆ ಫೋನನ್ನ ಯುಎಸ್‌ಬಿಗೆ ಚುಚ್ಚಿ, ಫೋನಿನ ನೆಟ್ ಕಂಪ್ಯೂಟರ್‌ಗೆ ಬರೋ ಹಾಗೆ ಟೆದರಿಂಗ್ ಆನ್ ಮಾಡಿ, ವಿಂಡೋಸ್ ಅಪ್‌ಡೇಟ್ ಓಡಿಸಿದ್ರೆ ಬಹಳಷ್ಟು ಸಲ ಡ್ರೈವರ್ ಅದೇ ಹುಡುಕಿ ಹಾಕ್ಕೊಳ್ಳುತ್ತೆ. ಆಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಯಾವ ರೆಸಲ್ಯೂಷನ್ ಪಕ್ಕ ರೆಕಮೆಂಡೆಡ್ ಅಂತಿದ್ಯೋ ಅದನ್ನ ಆರಿಸಿ. ಅಲ್ಲೇ ಮೇಲೆ ಸ್ಕೇಲ್ 100, 125 ಅಂತ ಬರುತ್ತಲ್ಲ, ಅದು ಅಕ್ಷರದ ಗಾತ್ರಕ್ಕೆ, ಅದನ್ನ ಎಷ್ಟು ತಿರುಚಿದ್ರೂ ಕಪ್ಪು ಪಟ್ಟಿ ಹೋಗಲ್ಲ.

ಈಗ ನಂಗೆ ತುಂಬಾ ಮುಖ್ಯ ಅನ್ಸೋ ವಿಷ್ಯ. ಪಟ್ಟಿ ಹೋಗ್ಲಿ ಅಂತ ಎಷ್ಟೋ ಜನ ಮಾನಿಟರ್ ಮೆನುಲಿ ವೈಡ್ ಅಂತನೋ, ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಫುಲ್ ಸ್ಕ್ರೀನ್ ಅಂತನೋ ಒತ್ತಿಬಿಡ್ತಾರೆ. ಸ್ಕ್ರೀನ್ ತುಂಬುತ್ತೆ ನಿಜ, ಆದ್ರೆ ರೆಸಲ್ಯೂಷನ್ ಹಳೇದೇ ಇರೋದ್ರಿಂದ ಚಿತ್ರನ ಅಡ್ಡಕ್ಕೆ ಎಳೆದು ತುಂಬಿಸಿರುತ್ತೆ, 3 ಇಂಚು ಇರ್ಬೇಕಾದ ಅಗಲ 4 ಇಂಚು ಕಾಣುತ್ತೆ. ಪಹಣಿ ನೋಡೋರಿಗೆ ಪರವಾಗಿಲ್ಲ ಇರ್ಬಹುದು, ನಮ್ಮ ಕೆಲಸದಲ್ಲಿ ಇದು ಅನಾಹುತ. ಗಂಡು ಹೆಣ್ಣಿನ ಫೋಟೋ ಸ್ಕ್ರೀನ್ ಮೇಲೆ ದುಂಡಗೆ ಊದಿಕೊಂಡಂಗೆ ಕಾಣುತ್ತೆ, ಕೂತಿರೋ ಹುಡುಗ ಫೋಟೋನೇ ಸರಿ ಇಲ್ಲ ಅಂದ್ಕೊಂಡು ಅಗಲ ಕಮ್ಮಿ ಮಾಡ್ತಾನೆ, ಪ್ರಿಂಟ್ ಆಗಿ ಬಂದ್ಮೇಲೆ ಮುಖ ಸೊರಗಿ ಉದ್ದ ಆಗಿರುತ್ತೆ, ಗಣಪತಿ ಚಿತ್ರನೂ ಹಾಗೇ. ಮದ್ವೆ ಮನೆಯವ್ರು ಆ ಪತ್ರಿಕೆ ಹಿಡ್ಕೊಂಡು ಊರೂರು ತಿರುಗ್ಬೇಕಲ್ಲ, ಯೋಚ್ನೆ ಮಾಡಿ. ಡಿಟಿಪಿ ಮಾಡೋರೆಲ್ಲ ಒಂದ್ಸಲ ಪೇಂಟ್ ತೆಗೆದು, ಶಿಫ್ಟ್ ಹಿಡ್ಕೊಂಡು ದೊಡ್ಡದೊಂದು ಚೌಕ ಎಳೆದು, ಸ್ಕ್ರೀನ್ ಮೇಲೆ ನಿಜವಾದ ಸ್ಕೇಲ್ ಇಟ್ಟು ಅಳೀರಿ. ಉದ್ದ ಅಗಲ ಒಂದೇ ಇಲ್ಲ ಅಂದ್ರೆ ಅವತ್ತು ಫೋಟೋ ಕೆಲಸ ಮುಟ್ಬೇಡಿ, ಮೊದಲು ರೆಸಲ್ಯೂಷನ್ ಸರಿ ಮಾಡಿ.

ನಾಲ್ಕೂ ಕಡೆ ಸಮವಾಗಿ ಕಪ್ಪಿದ್ದು, ರೆಸಲ್ಯೂಷನ್ ಮಾತ್ರ 1920×1080 ಅಂತ ಸರಿಯಾಗೇ ಇದ್ರೆ ಅದು ಅಂಡರ್‌ಸ್ಕ್ಯಾನ್, ಎಚ್‌ಡಿಎಂಐ ಕೇಬಲ್ ಇದ್ದಾಗ ಚಿತ್ರ ಸ್ಕ್ರೀನ್‌ಗಿಂತ ಚಿಕ್ಕದಾಗಿ ಬರೋದು. ಇದರ ಬೇರು ಹಳೇ ಗಾಜಿನ ಟಿವಿ ಕಾಲದ್ದು. ಆ ಟ್ಯೂಬ್‌ಗಳಲ್ಲಿ ಅಂಚು ಒಂದೊಂದು ಸೆಟ್‌ಗೆ ಒಂದೊಂದು ಥರ ಇರ್ತಿತ್ತು, ಅಂಚಲ್ಲಿ ಖಾಲಿ ಕಾಣ್ಬಾರ್ದು ಅಂತ ಚಿತ್ರನ ಸ್ವಲ್ಪ ದೊಡ್ಡದಾಗಿ ಬಿಡ್ತಿದ್ರು, ಅದೇ ಓವರ್‌ಸ್ಕ್ಯಾನ್. ಎಲ್‌ಸಿಡಿ ಬಂದ್ಮೇಲೆ ಅದ್ರ ಅಗತ್ಯ ಇಲ್ದಿದ್ರೂ ಟಿವಿಗಳು ಆ ಅಭ್ಯಾಸ ಬಿಡ್ಲಿಲ್ಲ, ಟಾಸ್ಕ್‌ಬಾರ್ ಕತ್ತರಿಸಿ ಹೋಗೋದು ಅದಕ್ಕೇ. ಎಚ್‌ಡಿಎಂಐ ಅಂದ್ರೆ ಎದುರಿಗಿರೋದು ಟಿವಿ ಅಂತ ತಿಳ್ಕೊಂಡು ಕೆಲವು ಗ್ರಾಫಿಕ್ಸ್ ಕಾರ್ಡು ಮುಂಚೇನೇ ಚಿತ್ರ ಕುಗ್ಗಿಸಿ ಕಳಿಸುತ್ತೆ, ಅಲ್ಲಿ ಮಾನಿಟರ್ ಇದ್ರೆ ಸುತ್ತ ಕಪ್ಪು ಉಳಿಯುತ್ತೆ. ಎಎಂಡಿ ಕಾರ್ಡ್ ಇರೋರು ಅದ್ರ ಸಾಫ್ಟ್‌ವೇರ್‌ನಲ್ಲಿ ಡಿಸ್‌ಪ್ಲೇ ಒಳಗೆ ಎಚ್‌ಡಿಎಂಐ ಸ್ಕೇಲಿಂಗ್ ಅನ್ನೋದನ್ನ 0ಗೆ ಎಳೀರಿ. ಎನ್‌ವಿಡಿಯಾದಲ್ಲಿ ಅಡ್ಜಸ್ಟ್ ಡೆಸ್ಕ್‌ಟಾಪ್ ಸೈಜ್ ಆಂಡ್ ಪೊಸಿಷನ್ ಅಂತಿರುತ್ತೆ. ಟಿವಿನೇ ಮಾನಿಟರ್ ಮಾಡ್ಕೊಂಡಿದ್ರೆ ರಿಮೋಟ್ ತಗೊಂಡು ಪಿಕ್ಚರ್ ಸೈಜ್‌ನಲ್ಲಿ ಜಸ್ಟ್ ಸ್ಕ್ಯಾನ್ ಅಂತನೋ ಸ್ಕ್ರೀನ್ ಫಿಟ್ ಅಂತನೋ ಹುಡುಕಿ, ಕಂಪನಿ ಮೇಲೆ ಹೆಸ್ರು ಬದಲಾಗುತ್ತೆ.

ಚಿತ್ರ ಪೂರ್ತಿ ಇದ್ದು ಒಂದೇ ಕಡೆ ಸರಿದಿದ್ರೆ, ಅದೂ ವಿಜಿಎ ಆಗಿದ್ರೆ, ಮಾನಿಟರ್ ಮೇಲಿರೋ ಆಟೋ ಬಟನ್ ಸಾಕು. ಆದ್ರೆ ಒತ್ತೋ ಮೊದಲು ನೋಟ್‌ಪ್ಯಾಡ್ ತೆಗೆದು ದೊಡ್ಡದು ಮಾಡಿ ಸ್ಕ್ರೀನ್ ಬಿಳಿ ಮಾಡ್ಕೊಳ್ಳಿ, ಕಪ್ಪು ವಾಲ್‌ಪೇಪರ್ ಇದ್ರೆ ಅಂಚು ಎಲ್ಲಿ ಅಂತ ಅದಕ್ಕೆ ಗೊತ್ತಾಗಲ್ಲ, ಇನ್ನೂ ಅಡ್ಡಾದಿಡ್ಡಿ ಆಗುತ್ತೆ.

ಕೊನೇದಾಗಿ, ಪೇಜ್‌ಮೇಕರ್, ನುಡಿ ಥರದ ಪುಟ ಜೋಡಿಸೋ, ಕನ್ನಡ ಟೈಪ್ ಮಾಡೋ ಸಾಫ್ಟ್‌ವೇರ್ ಓಡ್ಬೇಕು ಅಂತ ಹಳೇ ಸಿಸ್ಟಮ್ ಇಟ್ಕೊಂಡಿರೋರು ನಮ್ಮ ಕಡೆ ಇನ್ನೂ ತುಂಬಾ ಜನ ಇದ್ದಾರೆ. ಅಂಥದಕ್ಕೆ ಹೊಸ ಅಗಲದ ಮಾನಿಟರ್ ಹಾಕಿದ್ರೆ ಕೆಲವು ಸಲ ರೆಸಲ್ಯೂಷನ್ ಆರಿಸೋ ಕಡೆ 1920×1080 ಇರೋದೇ ಇಲ್ಲ. ಆಗ 1280×1024 ಥರದ್ದು ಆರಿಸಿ ಅಡ್ಡ ಎಳೀಬೇಡಿ, 1600×900 ಇಲ್ಲಾ 1280×720 ಇದ್ಯಾ ನೋಡಿ, ಎರಡೂ 16:9ದೇ. ಅಕ್ಷರ ಒಂಚೂರು ಮಸುಕಾಗುತ್ತೆ, ಆದ್ರೆ ಸ್ಕ್ರೀನ್ ಪೂರ್ತಿ ತುಂಬುತ್ತೆ, ಚೌಕ ಚೌಕವಾಗೇ ಇರುತ್ತೆ.